ರಸಿಕ ದೊರೆ ಜಯಚಾಮರಾಜ ಒಡೆಯರು

ಸಂಗೀತಗಾರರಿಗೆ ಆಶ್ರಯವಿತ್ತ ಅರಸರು ನಮ್ಮ ನಾಡಿನ ಇತಿಹಾಸದಲ್ಲಿ ಅನೇಕರಿದ್ದಾರೆ. ಆದರೆ ಆಶ್ರಯ ಕೊಡುವುದು ಬೇರೆ, ಒಬ್ಬ ಕಲಾವಿದನ ಕೃತಿಯನ್ನು ಮನಸಾರೆ ಮೆಚ್ಚಿ ಅದು ತನ್ನ ಕಿವಿಗೆ ಮಾತ್ರವಲ್ಲದೆ ಲೋಕದ ಕಿವಿಗೂ ಬೀಳಲೆಂದು ಹಂಬಲಿಸುವುದು ಬೇರೆ. ಮೊದಲನೆಯದಕ್ಕೆ ಬೊಕ್ಕಸವಿದ್ದರೆ ಸಾಕು. ಎರಡನೆಯದಕ್ಕೆ ರಸಿಕಹೃದಯವೂ ಬೇಕು. ಮೈಸೂರು ಸಂಸ್ಥಾನದ ಕೊನೆಯ ಮಹಾರಾಜರಾದ ಶ್ರೀ ಜಯಚಾಮರಾಜ ಒಡೆಯರಲ್ಲಿ ಇವೆರಡೂ ಕೂಡಿ ಬಂದಿದ್ದವು. ಅವರು ರಾಜ್ಯಾಡಳಿತದಲ್ಲಿ ಮಾಡಿದ ಕಾರ್ಯಗಳನ್ನು ಇತಿಹಾಸದ ಪುಸ್ತಕಗಳು ಹೇಳುತ್ತವೆ. ಇಲ್ಲಿ ನಾವು ನೋಡಹೊರಟಿರುವುದು ಸಂಗೀತದ ಹುಚ್ಚು ಹಿಡಿದಿದ್ದ ಒಬ್ಬ ಅಭಿಮಾನಿಯನ್ನು.

ಜಯಚಾಮರಾಜ ಒಡೆಯರು 1919ನೆಯ ಇಸವಿ ಜುಲೈ 18ರಂದು ಮೈಸೂರಿನಲ್ಲಿ ಜನಿಸಿದರು. ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು, ತಾಯಿ ಕೆಂಪುಚೆಲುವಾಜಮ್ಮಣ್ಣಿಯವರು. ಆಗ ಸಿಂಹಾಸನದಲ್ಲಿದ್ದವರು ದೊಡ್ಡಪ್ಪನವರಾದ ನಾಲ್ವಡಿ ಕೃಷ್ಣರಾಜ ಒಡೆಯರು. ಆ ಕಾಲದ ಅರಮನೆಯೆಂದರೆ ನಾದದ ಮನೆಯೇ ಸರಿ. ವೀಣೆ ಶೇಷಣ್ಣನವರು, ಮೈಸೂರು ವಾಸುದೇವಾಚಾರ್ಯರು, ಹರಿಕೇಶನಲ್ಲೂರು ಮುತ್ತಯ್ಯ ಭಾಗವತರು, ಪಿಟೀಲು ಚೌಡಯ್ಯನವರು, ವೀಣೆ ವೆಂಕಟಗಿರಿಯಪ್ಪನವರು ಮೊದಲಾದ ವಿದ್ವಾಂಸರ ಸಾಲು ಆ ಆಸ್ಥಾನವನ್ನು ಬೆಳಗಿತ್ತು. ನಾಲ್ವಡಿಯವರೇ ಹಲವು ವಾದ್ಯಗಳನ್ನು ನುಡಿಸಬಲ್ಲವರಾಗಿದ್ದರು. ಅವರ ಕಾಲದ ಅರಮನೆಯಲ್ಲಿ ಕರ್ನಾಟಕ ಸಂಗೀತದ ಬ್ಯಾಂಡಿನ ಜೊತೆಗೆ ಪಾಶ್ಚಾತ್ಯ ಸಂಗೀತದ ವಾದ್ಯವೃಂದವೂ ಇತ್ತು; ಅದನ್ನು ತರಬೇತುಗೊಳಿಸಲು ಆಟೋ ಸ್ಮಿತ್ ಎಂಬ ಜರ್ಮನ್ ಸಂಗೀತಗಾರರನ್ನೇ ನೇಮಿಸಿದ್ದರು. ಹೀಗೆ ಬಾಲಕ ಜಯಚಾಮರಾಜರ ಕಿವಿಗೆ ಒಂದು ಕಡೆಯಿಂದ ವೀಣೆಯ ತಾನ, ಮತ್ತೊಂದು ಕಡೆಯಿಂದ ಪಿಯಾನೋ ನಾದ ಎರಡೂ ಬೀಳುತ್ತಿದ್ದವು. ಯಾವುದೂ ಅವರಿಗೆ ಪರಕೀಯವೆನಿಸಲಿಲ್ಲ.

ಆದರೂ ಎಳೆವಯಸ್ಸಿನಲ್ಲಿ ಅವರ ಮನಸ್ಸನ್ನು ಹೆಚ್ಚಾಗಿ ಸೆಳೆದದ್ದು ಪಿಯಾನೋ. ಅದು ಕೇವಲ ರಾಜಕುಮಾರನೊಬ್ಬನ ಹವ್ಯಾಸವಾಗಿರಲಿಲ್ಲ. ಪಾಶ್ಚಾತ್ಯ ಸಂಗೀತವನ್ನು ಶಾಸ್ತ್ರೋಕ್ತವಾಗಿ ಅಭ್ಯಾಸ ಮಾಡಿ, ಮುಂದೆ ಸಭೆಗಳಲ್ಲಿ ಕಚೇರಿ ನೀಡುವ ಪಿಯಾನೋ ವಾದಕನಾಗಬೇಕೆಂಬ ಆಸೆಯನ್ನು ಅವರು ಬೆಳೆಸಿಕೊಂಡಿದ್ದರು. 1938ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಿಂದ ಪದಕಗಳೊಡನೆ ಪದವಿ ಪಡೆದರು. ಮರುವರ್ಷ ತಂದೆಯವರೊಡನೆ ಯೂರೋಪಿನ ಪ್ರವಾಸ ಮಾಡಿ ಬಂದರು.

ವಿಧಿಯ ಸಂಕಲ್ಪ ಬೇರೆಯಾಗಿತ್ತು. 1940ರ ಮಾರ್ಚ್ ತಿಂಗಳಲ್ಲಿ ತಂದೆ ಯುವರಾಜರು ತೀರಿಕೊಂಡರು. ಆ ದುಃಖ ಆರುವ ಮೊದಲೇ, ಆಗಸ್ಟ್ 3ರಂದು ನಾಲ್ವಡಿ ಕೃಷ್ಣರಾಜ ಒಡೆಯರೂ ಕಾಲವಾದರು. ಸೆಪ್ಟೆಂಬರ್ ತಿಂಗಳಲ್ಲಿ, ಇಪ್ಪತ್ತೊಂದು ವರ್ಷದ ತರುಣ ಜಯಚಾಮರಾಜರು ಸಿಂಹಾಸನವನ್ನು ಏರಬೇಕಾಯಿತು. ಜಗತ್ತು ಆಗ ಎರಡನೆಯ ಮಹಾಯುದ್ಧದ ಬೇಗೆಯಲ್ಲಿ ಬೇಯುತ್ತಿತ್ತು. ಸಂಸ್ಥಾನದ ಹೊಣೆ ಹೊತ್ತ ಅರಸನು ದೇಶದೇಶಗಳನ್ನು ಸುತ್ತಿ ಕಚೇರಿ ಮಾಡಲು ಸಾಧ್ಯವೆಲ್ಲಿ? ವಾದಕನಾಗುವ ಕನಸು ಅಲ್ಲಿಗೆ ಮುಗಿಯಿತು. ಆದರೂ ಅಭ್ಯಾಸವನ್ನು ಅವರು ಕೈಬಿಡಲಿಲ್ಲ. 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿಯೂ ಟ್ರಿನಿಟಿ ಸಂಗೀತ ಕಾಲೇಜಿನ ಗೌರವ ಫೆಲೋ ಪದವಿಯೂ ಅವರಿಗೆ ದೊರೆತವು.

ತಾನು ನುಡಿಸಲಾಗದುದನ್ನು ಕೇಳಿಯಾದರೂ ತಣಿಯಬೇಕೆಂಬ ತವಕ ಅವರದು. ಅರಮನೆಯಲ್ಲಿ ಗ್ರಾಮಫೋನ್ ತಟ್ಟೆಗಳ ದೊಡ್ಡ ಭಂಡಾರವೇ ಬೆಳೆಯಿತು. ಅದರಲ್ಲಿ ಸುಮಾರು 20,000 ತಟ್ಟೆಗಳಿದ್ದವೆಂದು 1950ರ ಸುಮಾರಿನಲ್ಲಿ ಅಂದಾಜು ಮಾಡಲಾಗಿತ್ತು. ಹಲವು ಬಗೆಯ ಧ್ವನಿವರ್ಧಕಗಳೂ ಕಚೇರಿಗೆ ಒಪ್ಪುವ ದೊಡ್ಡ ಪಿಯಾನೋಗಳೂ ಅಲ್ಲಿದ್ದವು.

ಇಂದಿನ ವಿದ್ಯಾರ್ಥಿಗಳಿಗೆ ಆ ತಟ್ಟೆಗಳ ಪರಿಚಯವಿರಲಾರದು. ಅವು ಅರಗನ್ನು ಬೆರೆಸಿ ಮಾಡಿದ ಕಪ್ಪು ತಟ್ಟೆಗಳು. ಕೈ ಜಾರಿದರೆ ಹೆಂಚಿನಂತೆ ಒಡೆಯುತ್ತಿದ್ದವು. ನಿಮಿಷಕ್ಕೆ 78 ಸುತ್ತು ಸುತ್ತುವ ಅಂಥ ದೊಡ್ಡ ತಟ್ಟೆಯ ಒಂದು ಮಗ್ಗುಲಿನಲ್ಲಿ ಹಿಡಿಸುತ್ತಿದ್ದುದು ನಾಲ್ಕೈದು ನಿಮಿಷಗಳ ಸಂಗೀತ ಮಾತ್ರ. ಅರ್ಧ ಗಂಟೆಯ ಕೃತಿಯೊಂದನ್ನು ಕೇಳಬೇಕಾದರೆ ನಾಲ್ಕು ತಟ್ಟೆಗಳಾದರೂ ಬೇಕು. ನಡುನಡುವೆ ಎದ್ದು ಮಗುಚಿ ಹಾಕಬೇಕು, ಮುಳ್ಳು ಬದಲಿಸಬೇಕು. ಅಂಥ ದೀರ್ಘ ಕೃತಿಗಳನ್ನು ಮುದ್ರಿಸುವುದು ಕಂಪನಿಗಳಿಗೆ ಬಹಳ ವೆಚ್ಚದ ಕೆಲಸ. ಆದುದರಿಂದ ಹೆಸರಾಂತ ಸಂಗೀತಗಾರರ ಜನಪ್ರಿಯ ಕೃತಿಗಳನ್ನೇ ಅವು ಮತ್ತೆ ಮತ್ತೆ ಹೊರತರುತ್ತಿದ್ದವು. ಹೆಸರು ಬಾರದ ಸಂಗೀತಗಾರನ ಪಾಡು, ಕೃತಿಯನ್ನು ಬರೆದು ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವುದೇ ಆಗಿತ್ತು.

ಅಂಥವರಲ್ಲಿ ಒಬ್ಬರು ನಿಕೊಲಾಯ್ ಮೆಟ್ನರ್. ಇವರು 1880ರಲ್ಲಿ ಮಾಸ್ಕೋ ನಗರದಲ್ಲಿ ಹುಟ್ಟಿ, ಅಲ್ಲಿಯ ಸಂಗೀತ ವಿದ್ಯಾಲಯದಲ್ಲಿ ಕಲಿತು, ಅಲ್ಲಿಯೇ ಅಧ್ಯಾಪಕರೂ ಆಗಿದ್ದವರು. ರಷ್ಯದ ಕ್ರಾಂತಿಯ ತರುವಾಯ 1921ರಲ್ಲಿ ತಾಯ್ನಾಡನ್ನು ತೊರೆದು ಹಲವು ಕಡೆ ಅಲೆದು, ಕೊನೆಗೆ ಲಂಡನ್ನಿನಲ್ಲಿ ಸಣ್ಣದೊಂದು ಮನೆ ಮಾಡಿದರು. ಲೋಕವಿಖ್ಯಾತರಾದ ರಾಖ್ಮನಿನೋವ್ ಅವರು ಮೆಟ್ನರ್ ಅವರ ಆಪ್ತಮಿತ್ರರು. ತಮ್ಮ ನಾಲ್ಕನೆಯ ಪಿಯಾನೋ ಕಾನ್ಚೆರ್ಟೋವನ್ನು ಈ ಗೆಳೆಯನಿಗೆ ಅರ್ಪಿಸಿದ್ದರು. ಇಷ್ಟಾಗಿಯೂ ಜನಸಾಮಾನ್ಯರು ಮೆಟ್ನರ್ ಅವರನ್ನು ಅರಿಯಲಿಲ್ಲ. ಕಾಲದ ಹೊಸ ರೀತಿಗಳಿಗೆ ಅವರು ಒಲಿಯಲಿಲ್ಲ. ಹಳೆಯ ಶಾಸ್ತ್ರಮರ್ಯಾದೆಯನ್ನು ಬಿಡಲೂ ಇಲ್ಲ. ಯುದ್ಧ ಆರಂಭವಾದ ಮೇಲೆ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಅಲ್ಪ ಸಂಭಾವನೆಯೂ ನಿಂತುಹೋಯಿತು. ಬಾಂಬುಗಳ ಭಯದಿಂದ ಲಂಡನ್ ಬಿಟ್ಟು ಶಿಷ್ಯೆಯೊಬ್ಬರ ಮನೆಯಲ್ಲಿ ಆಶ್ರಯ ಪಡೆಯಬೇಕಾಯಿತು. 1942ರಲ್ಲಿ ಹೃದಯದ ಬೇನೆ ಕಾಣಿಸಿಕೊಂಡಿತು. ಅರುವತ್ತು ದಾಟಿದ ಆ ಮುದುಕರಿಗೆ ಉಳಿದಿದ್ದ ಚಿಂತೆ ಒಂದೇ. ಜೀವಮಾನವೆಲ್ಲ ಬರೆದ ಸಂಗೀತ, ತಾನು ಹೇಗೆ ನುಡಿಸಬೇಕೆಂದಿದ್ದೆನೋ ಹಾಗೆ ಉಳಿಯುವುದೆ, ಇಲ್ಲವೆ ತನ್ನೊಡನೆಯೇ ಅಳಿಯುವುದೆ?

ಸಾವಿರಾರು ಮೈಲಿಗಳಾಚೆ, ಚಾಮುಂಡಿ ಬೆಟ್ಟದ ತಪ್ಪಲಿನ ಅರಮನೆಯಲ್ಲಿ, ಆ ಸಂಗೀತವನ್ನು ಪ್ರೀತಿಸುವ ಒಬ್ಬ ತರುಣನಿದ್ದನು. ಜಯಚಾಮರಾಜ ಒಡೆಯರು ಮೆಟ್ನರ್ ಅವರ ಕೃತಿಗಳನ್ನು ತುಂಬ ಮೆಚ್ಚಿಕೊಂಡಿದ್ದರು. ಮೆಟ್ನರ್ ಅವರ ಸಂಗೀತವನ್ನು ಅವರ ಕೈಯಿಂದಲೇ ನುಡಿಸಿ ಮುದ್ರಿಸಬೇಕು, ವೆಚ್ಚವನ್ನು ತಾವು ಭರಿಸುವೆವು ಎಂದು ಮುಂದೆ ಬಂದರು. ಇದಕ್ಕಾಗಿ ಮೆಟ್ನರ್ ಸೊಸೈಟಿ ಎಂಬ ಸಂಘವನ್ನೇ ಸ್ಥಾಪಿಸಿದರು. ನಮ್ಮ ಹಿರಿಯರು ನಾಯಿ ಮಾರ್ಕಿನ ತಟ್ಟೆ ಎನ್ನುತ್ತಿದ್ದ ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪನಿಯು ಮುದ್ರಣದ ಕೆಲಸವನ್ನು ವಹಿಸಿಕೊಂಡಿತು. 1947ರಲ್ಲಿ ಮೆಟ್ನರ್ ಅವರು ಫಿಲ್ಹಾರ್ಮೋನಿಯಾ ವಾದ್ಯವೃಂದದೊಡನೆ ತಮ್ಮ ಮೂರು ಕಾನ್ಚೆರ್ಟೋಗಳನ್ನೂ ನುಡಿಸಿದರು. ಅನಂತರ ಪಿಯಾನೋ ಕೃತಿಗಳೂ ಹಾಡುಗಳೂ ಮುದ್ರಿತವಾದವು. ಅವರ ಹಾಡುಗಳನ್ನು ಹಾಡಿದವರಲ್ಲಿ ಎಲಿಜಬೆತ್ ಶ್ವಾರ್ಟ್ಸ್‌ಕಾಫ್ ಎಂಬ ಪ್ರಸಿದ್ಧ ಗಾಯಕಿಯೂ ಒಬ್ಬರು. ಪಕ್ಕದಲ್ಲಿ ಪಿಯಾನೋ ನುಡಿಸಿದವರು ಸ್ವತಃ ಮೆಟ್ನರ್. ವ್ಯಾಧಿಗ್ರಸ್ತವಾದ ಹೃದಯವನ್ನು ಹೊತ್ತು, ದಣಿವನ್ನು ಲೆಕ್ಕಿಸದೆ ಅವರು ಈ ಕೆಲಸ ಮಾಡಿದರು. 1951ರ ನವೆಂಬರಿನಲ್ಲಿ ಅವರು ತೀರಿಕೊಂಡಾಗ ಎಲ್ಲ ಕೃತಿಗಳೂ ಮುದ್ರಿತವಾಗಿರಲಿಲ್ಲ. ಮುಖ್ಯವಾದ ಹಲವು ಉಳಿದುಕೊಂಡಿದ್ದವು.

ಯುದ್ಧಕಾಲದಲ್ಲಿ ಬರೆದು 1944ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೊದಲು ನುಡಿಸಿದ ತಮ್ಮ ಮೂರನೆಯ ಕಾನ್ಚೆರ್ಟೋವನ್ನು ಮೆಟ್ನರ್ ಅವರು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ್ದಾರೆ.

ಇಂಗ್ಲೆಂಡಿನಲ್ಲಿ ವಾಲ್ಟರ್ ಲೆಗ್ ಎಂಬ ಚತುರ ವ್ಯಕ್ತಿಯೊಬ್ಬರಿದ್ದರು. ತಟ್ಟೆಗಳ ಮುದ್ರಣವನ್ನು ನಿರ್ದೇಶಿಸುವುದು ಅವರ ವೃತ್ತಿ. 1945ರಲ್ಲಿ ಫಿಲ್ಹಾರ್ಮೋನಿಯಾ ವಾದ್ಯವೃಂದವನ್ನು ಕಟ್ಟಿದವರು ಅವರೇ. ನೂರು ಮಂದಿ ವಾದಕರನ್ನು ಸಾಕುವುದು ಆನೆಯನ್ನು ಸಾಕಿದಂತೆ. ಹಣಕ್ಕೆ ಬಹಳ ಕಷ್ಟವಿತ್ತು. ಒಡೆಯರು ಲೆಗ್ ಅವರನ್ನು ಮೈಸೂರಿಗೆ ಕರೆಸಿಕೊಂಡರು. ಹಗಲಿರುಳು ಸಂಗೀತದ ಮಾತೇ ಮಾತು. ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ ಸಹಾಯ ಮಾಡುವುದಾಗಿ ಒಡೆಯರು ಮಾತುಕೊಟ್ಟರೆಂದು ಲೆಗ್ ಅವರು ಮುಂದೆ ಬರೆದಿದ್ದಾರೆ. 1948ರಲ್ಲಿ ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದವರೂ ಒಡೆಯರೇ. ಹೆರ್ಬರ್ಟ್ ಫಾನ್ ಕರಾಯನ್ ಎಂಬ ಆಸ್ಟ್ರಿಯದ ನಿರ್ದೇಶಕರು ಆಗಿನ್ನೂ ಇಂಗ್ಲೆಂಡಿಗೆ ಹೊಸಬರು. ಅವರ ನಿರ್ದೇಶನದಲ್ಲಿ ಬಲಾಕಿರೆವ್, ರುಸೆಲ್ ಮುಂತಾದವರ ಅಪರೂಪದ ಕೃತಿಗಳು ಮುದ್ರಿತವಾದುದು ಒಡೆಯರ ಅಭಿರುಚಿಯ ಫಲ. ಕೇಳಿದವರು ಕಡಮೆಯೆಂಬ ಕಾರಣಕ್ಕಾಗಿಯೇ ಇಂಥ ಕೃತಿಗಳ ಮೇಲೆ ಅವರಿಗೆ ಹೆಚ್ಚಿನ ಒಲವು ಇದ್ದಂತೆ ತೋರುತ್ತದೆ.

ಮತ್ತೊಂದು ಪ್ರಸಂಗವನ್ನು ಹೇಳಲೇಬೇಕು. ಜರ್ಮನಿಯ ಮಹಾಸಂಗೀತಗಾರ ರಿಚರ್ಡ್ ಸ್ಟ್ರೌಸ್ ಅವರು ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ, 1948ರಲ್ಲಿ, ವಾದ್ಯವೃಂದದೊಡನೆ ಹಾಡುವಂಥ ನಾಲ್ಕು ಗೀತೆಗಳಿಗೆ ಸಂಗೀತ ರಚಿಸಿದರು. ಅವುಗಳನ್ನು ಕೇಳುವ ಮೊದಲೇ, 1949ರಲ್ಲಿ, ಅವರು ಮಡಿದರು. ಆ ನಾಲ್ಕು ಗೀತೆಗಳನ್ನು ಮೊದಲ ಬಾರಿಗೆ ಸಭೆಯಲ್ಲಿ ಹಾಡಿದ್ದು 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ. ಹಾಡಿದವರು ನಾರ್ವೆ ದೇಶದ ಕರ್ಸ್ಟನ್ ಫ್ಲಾಗ್‌ಸ್ಟಾಟ್, ನಿರ್ದೇಶಿಸಿದವರು ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್, ನುಡಿಸಿದ್ದು ಫಿಲ್ಹಾರ್ಮೋನಿಯಾ. ಆ ಕಚೇರಿ ನಡೆಯಲೆಂದು 4,800 ಡಾಲರುಗಳ ಭರವಸೆ ನೀಡಿದ್ದವರು ಮೈಸೂರಿನ ಮಹಾರಾಜರು. ವಿಚಿತ್ರವೆಂದರೆ, ಸಭೆಯಲ್ಲಿ ಕುಳಿತು ಆ ಗಾಯನವನ್ನು ಆಲಿಸುವ ಭಾಗ್ಯ ಅವರಿಗೇ ಇರಲಿಲ್ಲ. ಕಚೇರಿಯನ್ನು ತಟ್ಟೆಗಳ ಮೇಲೆ ಮುದ್ರಿಸಿ ಮೈಸೂರಿಗೆ ಕಳುಹಿಸುವ ಏರ್ಪಾಡಾಗಿತ್ತು. ಲಂಡನ್ನಿನಲ್ಲಿ ಸಾವಿರಾರು ಜನ ಎದುರಿಗೇ ಕೇಳಿದ ಕಚೇರಿ, ಅದನ್ನು ಆಗಮಾಡಿದ ರಸಿಕನ ಕಿವಿಯನ್ನು ಸಮುದ್ರ ದಾಟಿ ಬಂದು ಸೇರಬೇಕಾಗಿತ್ತು.

ಬಡವರು ತುಂಬಿದ ನಾಡಿನ ಅರಸನೊಬ್ಬನು ದೂರದ ಲಂಡನ್ನಿನ ವಾದ್ಯಗಾರರಿಗೆ ಹಣವೀಯುವುದು ಸರಿಯೇ ಎಂಬ ಪ್ರಶ್ನೆ ನಿಮ್ಮ ಮನಸ್ಸಿನಲ್ಲಿ ಏಳಬಹುದು. ಅದು ಕೇಳತಕ್ಕ ಪ್ರಶ್ನೆಯೇ. ಅರಸೊತ್ತಿಗೆಯ ಕಾಲದಲ್ಲಿ ಒಬ್ಬರ ಇಷ್ಟಕ್ಕೆ ನಡೆದ ವೆಚ್ಚವನ್ನು ಪ್ರಜಾಪ್ರಭುತ್ವದ ಕಾಲದಲ್ಲಿ ಯಾರೂ ಒಪ್ಪಲಾರರು. ಆದರೆ ಆ ಹಣ ಬೇಟೆಗೂ ವಿಲಾಸಕ್ಕೂ ಹೋಗದೆ ಮರೆತುಹೋಗಲಿದ್ದ ಸಂಗೀತಕ್ಕೆ ಸಂದಿತೆಂಬುದನ್ನೂ ತೂಗಿ ನೋಡಬೇಕು. ಕಾಲವೂ ಬೇಗನೆ ಬದಲಾಯಿತು. 1947ರಲ್ಲಿ ಮೈಸೂರು ಭಾರತ ಒಕ್ಕೂಟಕ್ಕೆ ಸೇರಿತು. ಆಡಳಿತ ಜನಪ್ರತಿನಿಧಿಗಳ ಕೈಗೆ ಬಂದಿತು. ಮಹಾರಾಜರು 1950ರಲ್ಲಿ ರಾಜಪ್ರಮುಖರಾದರು. ಹಿಂದಿನಂತೆ ಧಾರಾಳವಾಗಿ ಕೊಡುವ ದಿನಗಳು ಕಳೆದುಹೋದವು.

ಪಾಶ್ಚಾತ್ಯ ಸಂಗೀತದ ಮೇಲಿನ ಈ ಒಲವು ನಮ್ಮ ಸಂಗೀತವನ್ನು ಮರೆಸಿತೆಂದು ತಿಳಿಯಬಾರದು. ಮೆಟ್ನರ್ ಅವರ ಮುದ್ರಣ ನಡೆಯುತ್ತಿದ್ದ ಕಾಲದಲ್ಲೇ ಒಡೆಯರು ಕರ್ನಾಟಕ ಸಂಗೀತದ ಆಳಕ್ಕೆ ಇಳಿದರು. ವೆಂಕಟಗಿರಿಯಪ್ಪನವರಿಂದ ವೀಣೆಯನ್ನು ಕಲಿತರು. ವಯೋವೃದ್ಧರಾದ ವಾಸುದೇವಾಚಾರ್ಯರ ಮಾರ್ಗದರ್ಶನದಲ್ಲಿ ರಾಗಲಕ್ಷಣಗಳನ್ನೂ ಕೃತಿರಚನೆಯ ಮರ್ಮವನ್ನೂ ಅರಿತರು. ದೇವಿಯ ಆರಾಧಕರಾಗಿ ಶ್ರೀವಿದ್ಯಾ ದೀಕ್ಷೆಯನ್ನು ಪಡೆದಿದ್ದ ಅವರು 1945ರಿಂದ 1947ರವರೆಗಿನ ಅಲ್ಪ ಅವಧಿಯಲ್ಲಿ 94 ಕೃತಿಗಳನ್ನು ಸಂಸ್ಕೃತದಲ್ಲಿ ರಚಿಸಿದರು. ಶ್ರೀವಿದ್ಯಾ ಎಂಬುದೇ ಅವುಗಳ ಅಂಕಿತ. ಸಾಮಾನ್ಯ ಗಾಯಕರು ಮುಟ್ಟದ ಅಪೂರ್ವ ರಾಗಗಳಲ್ಲಿ ಅವುಗಳಲ್ಲಿ ಹಲವು ರಚಿತವಾಗಿವೆ. ಅಪರೂಪವಾದುದನ್ನು ಅರಸುವ ಅವರ ಸ್ವಭಾವ ಇಲ್ಲಿಯೂ ಮರೆಯಾಗಲಿಲ್ಲ. ಅಠಾಣ ರಾಗದ ಗಣಪತಿಯ ಕೃತಿಯನ್ನೂ, ಗಂಭೀರನಾಟ ರಾಗದಲ್ಲಿ ಜಾಲಂಧರ ಪೀಠದ ದೇವಿಯನ್ನು ಸ್ತುತಿಸುವ ಕೃತಿಯನ್ನೂ ಗಾಯಕರು ಕಚೇರಿಗಳಲ್ಲಿ ಇಂದಿಗೂ ಹಾಡುತ್ತಾರೆ. ಕೇಳುವವರಲ್ಲಿ ಎಷ್ಟೋ ಮಂದಿಗೆ ಇವು ರಾಜನೊಬ್ಬನ ರಚನೆಗಳೆಂದು ತಿಳಿದಿರುವುದಿಲ್ಲ.

ಒಡೆಯರು 1956ರಿಂದ 1964ರವರೆಗೆ ಮೈಸೂರು ರಾಜ್ಯದ, ಅನಂತರ 1966ರವರೆಗೆ ಮದರಾಸಿನ ರಾಜ್ಯಪಾಲರಾಗಿದ್ದರು. ಭಾರತೀಯ ದರ್ಶನವನ್ನು ಕುರಿತು ಗ್ರಂಥಗಳನ್ನು ಬರೆದರು. ಋಗ್ವೇದವೂ ಪುರಾಣಗಳೂ ಕನ್ನಡದಲ್ಲಿ ಅಚ್ಚಾಗಲೆಂದು ಗ್ರಂಥಮಾಲೆಯೊಂದನ್ನು ಹೊರತರಿಸಿದರು. 1966ರಲ್ಲಿ ಸಂಗೀತ ನಾಟಕ ಅಕಾಡೆಮಿಯು ತನ್ನ ಫೆಲೋ ಗೌರವವನ್ನು ಅವರಿಗೆ ಸಲ್ಲಿಸಿತು. ಪಿಯಾನೋ, ವೀಣೆ ಎರಡನ್ನೂ ಬಲ್ಲವರಾಗಿದ್ದ ಅವರ ತಂಗಿ ವಿಜಯಾದೇವಿಯವರು 1974ರಲ್ಲಿ ಬೆಂಗಳೂರಿನಲ್ಲಿ ಸಂಗೀತ ಸಂಸ್ಥೆಯೊಂದನ್ನು ಸ್ಥಾಪಿಸಿ, ದೇಶವಿದೇಶಗಳ ಕಲಾವಿದರ ಕಚೇರಿಗಳನ್ನು ಏರ್ಪಡಿಸಲು ತೊಡಗಿದರು.

ಅದೇ ವರ್ಷ ಸೆಪ್ಟೆಂಬರ್ 23ರಂದು ಜಯಚಾಮರಾಜ ಒಡೆಯರು ಬೆಂಗಳೂರಿನ ಅರಮನೆಯಲ್ಲಿ ಕಾಲವಾದರು. ಆಗ ಅವರಿಗೆ ಐವತ್ತೈದು ವರ್ಷ. ಅವರು ನೆರವಾಗಿ ಮುದ್ರಿಸಿದ ಮೆಟ್ನರ್ ಅವರ ವಾದನ ಅರಗಿನ ತಟ್ಟೆಗಳ ಕಾಲ ಮುಗಿದ ಮೇಲೂ ಹೊಸ ಹೊಸ ರೂಪಗಳಲ್ಲಿ ಹೊರಬಂದಿತು. 1950ರ ಮೇ ತಿಂಗಳ ಆ ಕಚೇರಿಯ ಮುದ್ರಿಕೆಯೂ ನಷ್ಟವಾಗದೆ ಉಳಿದಿದೆ. ಅದರಲ್ಲಿ ಕರಕರ ಸದ್ದು ಹೆಚ್ಚು, ಧ್ವನಿ ಮಸುಕು. ಆದರೂ ಫ್ಲಾಗ್‌ಸ್ಟಾಟ್ ಅವರ ಕಂಠವನ್ನು ಅದರೊಳಗೆ ಗುರುತಿಸಬಹುದು.