ಲೂಯಿ ಪಾಶ್ಚರ್ (1822–1895): ಸಾಕು ನಾಯಿಗೆ ಹಾಕಿಸುವ ರೇಬೀಸ್ ಲಸಿಕೆಯ ಹಿನ್ನೆಲೆ

ಸಾಕು ನಾಯಿಗೆ ಪರವಾನಗಿ ಕೋರಿ ನಗರ ಸ್ಥಳೀಯ ಸಂಸ್ಥೆಗೆ ಅರ್ಜಿ ಸಲ್ಲಿಸುವಾಗ ರೇಬೀಸ್ ನಿರೋಧಕ ಲಸಿಕೆ ಹಾಕಿಸಿದ ಪ್ರಮಾಣಪತ್ರವನ್ನು ಕೇಳಲಾಗುತ್ತದೆ. ಅನೇಕ ನಾಗರಿಕರು ಇದನ್ನು ಅರ್ಜಿಯೊಂದಿಗೆ ಲಗತ್ತಿಸಬೇಕಾದ ಮತ್ತೊಂದು ಕಾಗದವೆಂದಷ್ಟೇ ಭಾವಿಸುವುದುಂಟು. ಹುಚ್ಚುನಾಯಿ ರೋಗವೆಂದು ಜನರು ಕರೆಯುವ ರೇಬೀಸ್‌ಗೆ ಲಸಿಕೆಯನ್ನು ಕಂಡುಹಿಡಿದ ಫ್ರಾನ್ಸ್ ದೇಶದ ವಿಜ್ಞಾನಿ ಲೂಯಿ ಪಾಶ್ಚರ್ ಅವರು ನಾಯಿಗಳಿಗೇ ಲಸಿಕೆ ಹಾಕಿ ರೋಗವನ್ನು ತಡೆಯುವ ಬಗ್ಗೆ ಮೊದಲು ಯೋಚಿಸಿದ್ದರು. ಅವರ ಕಾಲದಲ್ಲಿ ಅದು ಕೈಗೂಡಲಿಲ್ಲ. ಆದುದರಿಂದ ಅವರ ಹೆಸರು ನಾಯಿಗಿಂತ ಹೆಚ್ಚಾಗಿ ನಾಯಿ ಕಚ್ಚಿದ ಮನುಷ್ಯರ ಚಿಕಿತ್ಸೆಯೊಂದಿಗೆ ಸೇರಿಕೊಂಡಿತು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಪಾಶ್ಚರ್ ಅವರು 1822ರ ಡಿಸೆಂಬರ್ 27ರಂದು ಪೂರ್ವ ಫ್ರಾನ್ಸಿನ ಡೋಲ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಚರ್ಮ ಹದ ಮಾಡುವ ವೃತ್ತಿಯವರು. ಕುಟುಂಬವು ಮುಂದೆ ಆರ್ಬ್ವಾ ಎಂಬ ಸಣ್ಣ ಪಟ್ಟಣದಲ್ಲಿ ನೆಲೆಸಿತು. 1831ರಲ್ಲಿ ಆ ಸೀಮೆಗೆ ಹುಚ್ಚು ಹಿಡಿದ ತೋಳವೊಂದು ನುಗ್ಗಿ ಹಲವರನ್ನು ಕಚ್ಚಿತು. ಕಚ್ಚಿಸಿಕೊಂಡವರನ್ನು ಕಮ್ಮಾರನ ಕುಲುಮೆಗೆ ಕರೆತಂದು ಗಾಯಗಳಿಗೆ ಕಾಯಿಸಿದ ಕಬ್ಬಿಣದಿಂದ ಬರೆ ಹಾಕಲಾಗುತ್ತಿತ್ತು. ಆಗಿದ್ದ ಚಿಕಿತ್ಸೆ ಅದೊಂದೇ. ಒಂಬತ್ತು ವರ್ಷವೂ ತುಂಬದಿದ್ದ ಬಾಲಕನ ಮನಸ್ಸಿನಲ್ಲಿ ಆ ಭೀತಿ ಉಳಿದುಹೋಯಿತು.

ಪ್ಯಾರಿಸ್ಸಿನ ಎಕೋಲ್ ನಾರ್ಮಲ್ ಸಂಸ್ಥೆಯಲ್ಲಿ ವಿದ್ಯಾಭ್ಯಾಸ ಮಾಡಿದ ಪಾಶ್ಚರ್ ಅವರು ವೈದ್ಯರಲ್ಲ, ರಸಾಯನಶಾಸ್ತ್ರಜ್ಞರು. ಈ ಸಂಗತಿ ಮುಂದೆ ಮಹತ್ವದ್ದಾಗುತ್ತದೆ. 1849ರಲ್ಲಿ ಅವರು ಮೇರಿ ಲೋರಾಂ ಅವರನ್ನು ವಿವಾಹವಾದರು. ಐವರು ಮಕ್ಕಳಲ್ಲಿ ಮೂವರು ಹೆಣ್ಣುಮಕ್ಕಳು ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡರು. ಅವರಲ್ಲಿ ಇಬ್ಬರಿಗೆ ಬಂದುದು ವಿಷಮಶೀತ ಜ್ವರ.

ಹುದುಗುವಿಕೆಯಿಂದ ಲಸಿಕೆಯವರೆಗೆ

1854ರಲ್ಲಿ ಲಿಲ್ ನಗರದಲ್ಲಿ ಪ್ರಾಧ್ಯಾಪಕರಾದ ಪಾಶ್ಚರ್ ಅವರು ಹುದುಗುವಿಕೆಗೆ ಕಣ್ಣಿಗೆ ಕಾಣದ ಜೀವಿಗಳೇ ಕಾರಣವೆಂದು ತೋರಿಸಿಕೊಟ್ಟರು. ದ್ರಾಕ್ಷಾರಸವನ್ನು ಹದವಾಗಿ ಕಾಯಿಸಿ ಕೆಡದಂತೆ ಇಡುವ ಅವರ ವಿಧಾನವೇ ಇಂದು ಹಾಲಿನ ಪ್ಯಾಕೆಟ್ಟಿನ ಮೇಲೆ ಪಾಶ್ಚರೀಕರಿಸಿದ ಹಾಲು ಎಂಬ ಮಾತಿನಲ್ಲಿ ಉಳಿದಿದೆ. 1865ರಿಂದ ಕೆಲವು ವರ್ಷ ಅವರು ದಕ್ಷಿಣ ಫ್ರಾನ್ಸಿನ ರೇಷ್ಮೆ ಹುಳುಗಳ ರೋಗವನ್ನು ಅಭ್ಯಸಿಸಿದರು. ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಪೆಬ್ರಿನ್ ರೋಗವಿದ್ದರೆ ಆ ಮೊಟ್ಟೆಗಳನ್ನು ನಾಶಪಡಿಸುವ ಕ್ರಮ ಅವರದು. ಕರ್ನಾಟಕದ ರೇಷ್ಮೆ ಬಿತ್ತನೆ ಕೇಂದ್ರಗಳಲ್ಲಿ ಇಂದಿಗೂ ಈ ಪರೀಕ್ಷೆ ನಡೆಯುತ್ತದೆ. 1868ರ ಅಕ್ಟೋಬರಿನಲ್ಲಿ ಪಾರ್ಶ್ವವಾಯು ಬಡಿದು ಅವರ ದೇಹದ ಎಡಭಾಗ ದುರ್ಬಲವಾಯಿತು. ಆಗ ಅವರಿಗೆ 45 ವರ್ಷ. ಅವರು ಹೆಚ್ಚು ಹೆಸರಾಗಿರುವ ಲಸಿಕೆಯ ಕೆಲಸಗಳೆಲ್ಲವೂ ಇದರ ನಂತರದವು.

1879ರಲ್ಲಿ ಕೋಳಿ ಕಾಲರಾ ರೋಗಾಣುಗಳನ್ನು ಅಭ್ಯಸಿಸುತ್ತಿದ್ದಾಗ, ಹಳೆಯದಾಗಿ ಶಕ್ತಿಗುಂದಿದ ರೋಗಾಣುಗಳನ್ನು ಚುಚ್ಚಿದ ಕೋಳಿಗಳು ಸಾಯದೆ, ಮುಂದೆ ಪ್ರಬಲ ರೋಗಾಣುಗಳನ್ನೂ ತಾಳಿಕೊಂಡವು. ರೋಗಾಣುವಿನ ಶಕ್ತಿಯನ್ನು ಕುಗ್ಗಿಸಿ ಅದರಿಂದಲೇ ರಕ್ಷಣೆ ಪಡೆಯಬಹುದೆಂಬುದು ಹೀಗೆ ತಿಳಿಯಿತು. 1881ರ ಮೇ ಮತ್ತು ಜೂನ್ ತಿಂಗಳಲ್ಲಿ ಪುಯಿ ಲೆ ಫೋರ್ ಎಂಬಲ್ಲಿ ಕುರಿಗಳಿಗೆ ನೆರಡಿ ರೋಗದ ಲಸಿಕೆಯನ್ನು ಸಾರ್ವಜನಿಕವಾಗಿ ಹಾಕಿ ತೋರಿಸಿ ಅವರು ದೊಡ್ಡ ಯಶಸ್ಸು ಪಡೆದರು.

ನಾಯಿಗಳ ನಡುವೆ

ರೇಬೀಸ್ ಕುರಿತ ಅಧ್ಯಯನ 1880ರ ಡಿಸೆಂಬರಿನಲ್ಲಿ ಪ್ರಾರಂಭವಾಯಿತು. ಪಶುವೈದ್ಯರೊಬ್ಬರು ಎರಡು ಹುಚ್ಚುನಾಯಿಗಳನ್ನು ಪ್ರಯೋಗಾಲಯಕ್ಕೆ ಒಪ್ಪಿಸಿದರು. ಈ ರೋಗವು ಮೊಲಕ್ಕೂ ಅಂಟುತ್ತದೆ ಎಂಬುದನ್ನು ಲಿಯೋನ್ ನಗರದ ಪಶುವೈದ್ಯಕೀಯ ಶಾಲೆಯ ಗಾಲ್ಟಿಯೆ ಅವರು 1879ರಲ್ಲಿಯೇ ತೋರಿಸಿದ್ದರು. ಪಾಶ್ಚರ್ ಅವರ ಕೆಲಸ ಅಲ್ಲಿಂದ ಮುಂದುವರಿಯಿತು. ಗಾಲ್ಟಿಯೆ ಅವರಿಗೆ ಸಲ್ಲಬೇಕಾದ ಮನ್ನಣೆ ಪೂರ್ಣವಾಗಿ ಸಲ್ಲಲಿಲ್ಲವೆಂಬುದನ್ನು ಇಲ್ಲಿ ಹೇಳಬೇಕಾಗಿದೆ.

ಕೆಲಸ ಸುಲಭವಾಗಿರಲಿಲ್ಲ. ರೇಬೀಸ್ ಉಂಟುಮಾಡುವುದು ವೈರಸ್. ಆ ಕಾಲದ ಸೂಕ್ಷ್ಮದರ್ಶಕಕ್ಕೆ ಅದು ಕಾಣಿಸುತ್ತಿರಲಿಲ್ಲ, ಸೀಸೆಯಲ್ಲಿ ಬೆಳೆಯುತ್ತಲೂ ಇರಲಿಲ್ಲ. ನಾಯಿ ಕಚ್ಚಿದ ಮೇಲೆ ರೋಗ ಕಾಣಿಸಿಕೊಳ್ಳಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಹಿಡಿಯುತ್ತಿದ್ದವು. ರೋಗವು ನರಮಂಡಲದಲ್ಲಿ ನೆಲೆಸುತ್ತದೆ ಎಂದು ಕಂಡುಕೊಂಡ ಪಾಶ್ಚರ್ ಅವರ ತಂಡವು, ತಲೆಬುರುಡೆಯಲ್ಲಿ ಸಣ್ಣ ರಂಧ್ರ ಮಾಡಿ ಮೆದುಳಿಗೇ ರೋಗಾಂಶ ತಲುಪಿಸಿದರೆ ರೋಗ ಖಚಿತವಾಗಿ, ಬೇಗನೆ ಬರುವುದೆಂದು ಊಹಿಸಿತು. ಆದರೆ ನಾಯಿಯ ತಲೆಗೆ ಹೀಗೆ ರಂಧ್ರ ಕೊರೆಯುವುದನ್ನು ಪಾಶ್ಚರ್ ಅವರ ಮನಸ್ಸು ಒಪ್ಪಲಿಲ್ಲ. ಅವರು ಇಲ್ಲದ ವೇಳೆಯಲ್ಲಿ ಸಹಾಯಕ ಎಮಿಲ್ ರೂ ಅವರು, ನಾಯಿಗೆ ಪ್ರಜ್ಞೆ ತಪ್ಪಿಸಿ ಆ ಶಸ್ತ್ರಕ್ರಿಯೆ ಮಾಡಿದರು. ಮರುದಿನ ಆ ನಾಯಿ ಆರಾಮವಾಗಿ ಓಡಾಡುವುದನ್ನು ಕಂಡು ಪಾಶ್ಚರ್ ಅವರಿಗೆ ಸಮಾಧಾನವಾಯಿತು. ಅವರು ಅದನ್ನು ಅಕ್ಕರೆಯಿಂದ ಮಾತನಾಡಿಸಿದರೆಂದು ಅವರ ಜೀವನಚರಿತ್ರೆ ತಿಳಿಸುತ್ತದೆ. ಸುಮಾರು ಎರಡು ವಾರಗಳಲ್ಲಿ ಅದಕ್ಕೆ ರೋಗ ಬಂದಿತು. ಇಂದು ನಾಯಿಗೆ ಹಾಕಿಸುವ ಲಸಿಕೆಯ ಹಿಂದೆ ಇಂತಹ ಅನೇಕ ನಾಯಿಗಳು ಮತ್ತು ಮೊಲಗಳು ಇವೆ.

ರೋಗದಿಂದ ಸತ್ತ ಮೊಲದ ಬೆನ್ನುಹುರಿಯನ್ನು ತೇವ ಹೀರುವ ಕಾಸ್ಟಿಕ್ ಪೊಟ್ಯಾಷ್ ಇಟ್ಟ ಸೀಸೆಯೊಳಗೆ ತೂಗುಹಾಕಿ ಒಣಗಿಸಿದರೆ, ಸುಮಾರು 14 ದಿನಗಳಲ್ಲಿ ಅದರ ರೋಗಶಕ್ತಿ ನಶಿಸುತ್ತಿತ್ತು. ಮೊದಲು ಹೆಚ್ಚು ಒಣಗಿದ್ದನ್ನು, ನಂತರ ದಿನೇ ದಿನೇ ಕಡಿಮೆ ಒಣಗಿದ್ದನ್ನು ನಾಯಿಗೆ ಚುಚ್ಚುತ್ತ ಹೋದರೆ ಆ ನಾಯಿ ಹುಚ್ಚುನಾಯಿಯ ಕಡಿತವನ್ನೂ ತಾಳಿಕೊಳ್ಳುತ್ತಿತ್ತು. ನಾಯಿಗಳನ್ನು ರೇಬೀಸ್‌ನಿಂದ ರಕ್ಷಿಸಬಹುದೆಂಬುದನ್ನು 1884ರಲ್ಲಿ ಸರ್ಕಾರ ನೇಮಿಸಿದ ಸಮಿತಿಯೊಂದು ಪರಿಶೀಲಿಸಿ ದೃಢಪಡಿಸಿತು. ಹೆಚ್ಚು ನಾಯಿಗಳನ್ನು ಇರಿಸಲು ಸ್ಥಳ ಹುಡುಕಿದಾಗ ಮ್ಯೂಡೋನ್ ಕಾಡಿನ ಸಮೀಪದ ಜನರು ಬಲವಾಗಿ ವಿರೋಧಿಸಿದರು. ಕೊನೆಗೆ ಪ್ಯಾರಿಸ್ ಹೊರವಲಯದ ವಿಲ್‌ನವ್ ಲೇತಾಂ ಎಂಬ ಸರ್ಕಾರಿ ಎಸ್ಟೇಟಿನಲ್ಲಿ ನಾಯಿಮನೆಗಳನ್ನು ಕಟ್ಟಲಾಯಿತು.

ಎಲ್ಲ ನಾಯಿಗಳಿಗೂ ಲಸಿಕೆ ಹಾಕಿದರೆ ಮನುಷ್ಯರಿಗೆ ರೋಗ ಬರುವ ಹಾದಿಯೇ ಮುಚ್ಚುವುದಲ್ಲವೇ ಎಂಬ ಪ್ರಶ್ನೆ ಆಗಲೇ ಎದ್ದಿತು. ಪಾಶ್ಚರ್ ಅವರು ಲೆಕ್ಕ ಹಾಕಿ ನೋಡಿದರು. ಆಗಿನ ಅಂದಾಜಿನಂತೆ ಪ್ಯಾರಿಸ್ ನಗರವೊಂದರಲ್ಲಿಯೇ 1 ಲಕ್ಷ ನಾಯಿಗಳು, ಉಳಿದ ಫ್ರಾನ್ಸಿನಲ್ಲಿ 25 ಲಕ್ಷ ನಾಯಿಗಳಿದ್ದವು. ಪ್ರತಿ ನಾಯಿಗೆ ಹಲವು ದಿನ ಚುಚ್ಚುಮದ್ದು ಬೇಕು, ಅದಕ್ಕೆ ಲೆಕ್ಕವಿಲ್ಲದಷ್ಟು ಮೊಲಗಳು ಬೇಕು, ತರಬೇತಾದ ಸಿಬ್ಬಂದಿ ಬೇಕು. ಇದು ಆಗದ ಮಾತೆಂದು ತಿಳಿದು ಅವರು ಕಚ್ಚಿಸಿಕೊಂಡ ಮನುಷ್ಯರ ಕಡೆಗೆ ಗಮನ ಹರಿಸಿದರು. ಕಡಿತಕ್ಕೂ ರೋಗಕ್ಕೂ ನಡುವೆ ಇರುವ ದೀರ್ಘ ಅವಧಿಯಲ್ಲಿಯೇ ರಕ್ಷಣೆ ನೀಡಬಹುದೇ ಎಂಬುದು ಹೊಸ ಪ್ರಶ್ನೆಯಾಯಿತು.

1885ರ ಜುಲೈ

1885ರ ಜುಲೈ 6ರಂದು ಅಲ್ಸಾಸ್ ಪ್ರಾಂತ್ಯದಿಂದ ತಾಯಿಯೊಬ್ಬರು 9 ವರ್ಷದ ಮಗ ಜೋಸೆಫ್ ಮೈಸ್ಟರ್‌ನನ್ನು ಪಾಶ್ಚರ್ ಅವರ ಬಳಿಗೆ ಕರೆತಂದರು. ಎರಡು ದಿನಗಳ ಹಿಂದೆ ನಾಯಿಯೊಂದು ಬಾಲಕನನ್ನು 14 ಕಡೆ ಕಚ್ಚಿತ್ತು. ಅದು ಬೀದಿನಾಯಿಯಲ್ಲ, ಕಿರಾಣಿ ವ್ಯಾಪಾರಿಯೊಬ್ಬರು ಸಾಕಿದ ನಾಯಿ. ಅದು ಯಜಮಾನನ ಮೇಲೂ ಎರಗಿತ್ತು. ಅದನ್ನು ಕೊಂದು ಹೊಟ್ಟೆ ಬಗೆದು ನೋಡಿದಾಗ ಒಳಗೆ ಹುಲ್ಲು, ಒಣಕಡ್ಡಿ ಮತ್ತು ಮರದ ಚೂರುಗಳು ಕಂಡುಬಂದವು.

ನಾಯಿ ಸಾಕುವವರು ಈ ವಿವರವನ್ನು ಗಮನಿಸತಕ್ಕದ್ದು. ತಿನ್ನಬಾರದ ವಸ್ತುಗಳನ್ನು ಕಚ್ಚಿ ನುಂಗುವುದು, ಬೊಗಳುವ ದನಿ ಬದಲಾಗುವುದು, ಪರಿಚಿತರ ಮೇಲೆಯೇ ಎರಗುವುದು, ಗೊತ್ತುಗುರಿಯಿಲ್ಲದೆ ಓಡುವುದು ಇವು ರೋಗದ ಲಕ್ಷಣಗಳು. ಆದರೆ ಎಲ್ಲ ನಾಯಿಗಳೂ ಹೀಗೆ ಕೆರಳುವುದಿಲ್ಲ. ಕೆಲವು ನಾಯಿಗಳು ಮಂಕಾಗಿ ಕತ್ತಲೆ ಮೂಲೆ ಸೇರುತ್ತವೆ, ದವಡೆ ಜೋತುಬಿದ್ದು ಜೊಲ್ಲು ಸುರಿಯುತ್ತದೆ. ಗಂಟಲಿಗೆ ಮೂಳೆ ಸಿಕ್ಕಿಕೊಂಡಿದೆಯೆಂದು ಭಾವಿಸಿ ಮನೆಯವರು ಬಾಯಿಗೆ ಕೈ ಹಾಕುವುದು ಇಂತಹ ಸಂದರ್ಭದಲ್ಲಿಯೇ. ಹುಚ್ಚುನಾಯಿ ನೀರಿಗೆ ಹೆದರುತ್ತದೆ ಎಂಬ ನಂಬಿಕೆಯೂ ಸರಿಯಲ್ಲ. ನೀರಿನ ಭಯ ಮನುಷ್ಯ ರೋಗಿಯಲ್ಲಿ ಕಂಡುಬರುವ ಲಕ್ಷಣ.

ಬಾಲಕನಿಗೆ ಚಿಕಿತ್ಸೆ ನೀಡುವುದು ಸುಲಭದ ನಿರ್ಣಯವಾಗಿರಲಿಲ್ಲ. ಪಾಶ್ಚರ್ ಅವರಿಗೆ ವೈದ್ಯ ವೃತ್ತಿಯ ಅಧಿಕಾರವಿರಲಿಲ್ಲವಾದ್ದರಿಂದ ವೈದ್ಯ ಗ್ರಾಂಶೆ ಅವರು ಚುಚ್ಚುಮದ್ದು ನೀಡಿದರು. 10 ದಿನಗಳಲ್ಲಿ 13 ಚುಚ್ಚುಮದ್ದುಗಳು. ಕೊನೆಯದು ಅತ್ಯಂತ ಪ್ರಬಲವಾದುದು. ಆ ದಿನಗಳಲ್ಲಿ ಪಾಶ್ಚರ್ ಅವರಿಗೆ ನಿದ್ರೆಯಿರಲಿಲ್ಲ. ಬಾಲಕ ಬದುಕಿ ಉಳಿದನು. ಮುಂದೆ ಪಾಶ್ಚರ್ ಸಂಸ್ಥೆಯಲ್ಲಿಯೇ ದ್ವಾರಪಾಲಕನಾಗಿ ಕೆಲಸ ಮಾಡಿ 1940ರಲ್ಲಿ ಮರಣ ಹೊಂದಿದನು. ಪಾಶ್ಚರ್ ಅವರ ಪ್ರಯೋಗಾಲಯದ ದಿನಚರಿಗಳು ಬಹುಕಾಲ ಕುಟುಂಬದವರ ಬಳಿಯೇ ಇದ್ದು, 1964ರಲ್ಲಿ ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯಕ್ಕೆ ಸಂದವು. ಅವುಗಳನ್ನು ಪರಿಶೀಲಿಸಿದ ಗೆರಾಲ್ಡ್ ಗೀಸನ್ ಎಂಬ ಇತಿಹಾಸಕಾರರು, ಮೈಸ್ಟರ್‌ಗೆ ನೀಡಿದ ಕ್ರಮವು ನಾಯಿಗಳ ಮೇಲೆ ಸಾಕಷ್ಟು ಪರೀಕ್ಷೆಗೆ ಒಳಪಟ್ಟಿರಲಿಲ್ಲವೆಂದು 1995ರಲ್ಲಿ ಪ್ರಕಟಿಸಿದರು. ಇದನ್ನು ಮರೆಮಾಚುವ ಅಗತ್ಯವಿಲ್ಲ. ಬಾಲಕನಿಗೆ ಆಗ ಬೇರೆ ಯಾವ ಚಿಕಿತ್ಸೆಯೂ ಇರಲಿಲ್ಲವೆಂಬುದೂ ಅಷ್ಟೇ ನಿಜ.

ಅದೇ ವರ್ಷದ ಅಕ್ಟೋಬರಿನಲ್ಲಿ, ಇತರ ಬಾಲಕರನ್ನು ಉಳಿಸಲು ಹುಚ್ಚುನಾಯಿಯೊಂದಿಗೆ ಹೋರಾಡಿ ಕಚ್ಚಿಸಿಕೊಂಡ ಜುಪಿಲ್ ಎಂಬ 15 ವರ್ಷದ ಕುರಿಗಾಹಿಯೂ ಚಿಕಿತ್ಸೆಯಿಂದ ಬದುಕಿದನು. ನವೆಂಬರಿನಲ್ಲಿ ಬಂದ ಲೂಯಿಸ್ ಪೆಲೆಟಿಯೆ ಎಂಬ 10 ವರ್ಷದ ಬಾಲಕಿ ಬದುಕಲಿಲ್ಲ. ನಾಯಿ ಕಚ್ಚಿ 37 ದಿನಗಳಾದ ಮೇಲೆ ಅವಳನ್ನು ಕರೆತರಲಾಗಿತ್ತು. ಕಾಲ ಮೀರಿದೆಯೆಂದು ತಿಳಿದಿದ್ದರೂ, ಸೋತರೆ ತಮ್ಮ ವಿಧಾನಕ್ಕೆ ಕೆಟ್ಟ ಹೆಸರು ಬರುವುದೆಂದು ಗೊತ್ತಿದ್ದರೂ, ತಂದೆತಾಯಿಯರ ಮೊರೆಯನ್ನು ಪಾಶ್ಚರ್ ಅವರು ನಿರಾಕರಿಸಲಿಲ್ಲ. 1886ರ ಮಾರ್ಚ್ 1ರ ವೇಳೆಗೆ ಚಿಕಿತ್ಸೆ ಪಡೆದ 350 ಜನರಲ್ಲಿ ಮರಣ ಹೊಂದಿದವಳು ಈ ಬಾಲಕಿಯೊಬ್ಬಳೇ.

ಸಾರ್ವಜನಿಕರ ವಂತಿಗೆಯಿಂದ ನಿರ್ಮಾಣವಾದ ಪಾಶ್ಚರ್ ಸಂಸ್ಥೆಯು ಪ್ಯಾರಿಸ್ಸಿನಲ್ಲಿ 1888ರ ನವೆಂಬರ್ 14ರಂದು ಉದ್ಘಾಟನೆಗೊಂಡಿತು. 1895ರ ಸೆಪ್ಟೆಂಬರ್ 28ರಂದು ಪಾಶ್ಚರ್ ಅವರು ನಿಧನರಾದರು. ಅವರು ಕೊನೆಯುಸಿರೆಳೆದದ್ದು ನಾಯಿಮನೆಗಳಿದ್ದ ಅದೇ ವಿಲ್‌ನವ್ ಲೇತಾಂನಲ್ಲಿ.

ಭಾರತದಲ್ಲಿ

ಭಾರತದ ಮೊದಲ ಪಾಶ್ಚರ್ ಸಂಸ್ಥೆ 1900ರಲ್ಲಿ ಕಸೌಲಿಯಲ್ಲಿ ಪ್ರಾರಂಭವಾಯಿತು. ದಕ್ಷಿಣ ಭಾರತಕ್ಕಾಗಿ 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಮತ್ತೊಂದು ಸಂಸ್ಥೆ ಸ್ಥಾಪನೆಯಾಯಿತು. ಕಸೌಲಿಯಲ್ಲಿ ಡೇವಿಡ್ ಸೆಂಪಲ್ ಅವರು 1911ರಲ್ಲಿ ರೂಪಿಸಿದ, ಕುರಿಯ ಮೆದುಳಿನಿಂದ ತಯಾರಿಸುವ ಲಸಿಕೆ ನಮ್ಮ ದೇಶದಲ್ಲಿ ಹಲವು ದಶಕ ಬಳಕೆಯಲ್ಲಿತ್ತು. ಹೊಕ್ಕುಳ ಸುತ್ತ 14 ಚುಚ್ಚುಮದ್ದು ಎಂದು ಹಿರಿಯರು ನೆನೆಯುವುದು ಇದನ್ನೇ. 2005ರ ವೇಳೆಗೆ ಅದನ್ನು ಸಂಪೂರ್ಣವಾಗಿ ನಿಲ್ಲಿಸಲಾಯಿತು. ಈಗಿನ ಲಸಿಕೆಯನ್ನು ತೋಳಿಗೆ ನೀಡಲಾಗುತ್ತದೆ, ನಾಲ್ಕೈದು ಭೇಟಿಗಳಲ್ಲಿ ಮುಗಿಯುತ್ತದೆ. ಹಳೆಯ ಭಯದಿಂದ ಆಸ್ಪತ್ರೆಗೆ ಹೋಗಲು ತಡ ಮಾಡುವುದಕ್ಕೆ ಇಂದು ಯಾವ ಕಾರಣವೂ ಇಲ್ಲ.

ಪಾಶ್ಚರ್ ಅವರು ಕೈಬಿಟ್ಟ ಮೊದಲ ಯೋಚನೆಯೂ ಮುಂದೆ ಕೈಗೂಡಿತು. ನಾಯಿಗೆ ಒಂದೇ ಚುಚ್ಚುಮದ್ದಿನಲ್ಲಿ ನೀಡಬಹುದಾದ ಲಸಿಕೆಯನ್ನು ಜಪಾನಿನ ಉಮೆನೊ ಮತ್ತು ಡೊಯಿ ಎಂಬವರು 1921ರಲ್ಲಿ ಪ್ರಕಟಿಸಿದರು. ಜಪಾನ್ 1950ರಲ್ಲಿ ಕಾನೂನು ತಂದು ನಾಯಿಗಳ ನೋಂದಣಿ ಮತ್ತು ಲಸಿಕೆಯನ್ನು ಕಡ್ಡಾಯಗೊಳಿಸಿತು. 1957ರ ನಂತರ ಆ ದೇಶದ ನಾಯಿಗಳಲ್ಲಿ ರೇಬೀಸ್ ಕಂಡುಬಂದಿಲ್ಲ.

ನಾಯಿಮರಿಗೆ 3 ತಿಂಗಳು ತುಂಬಿದಾಗ ಮೊದಲ ಲಸಿಕೆ, ಪಶುವೈದ್ಯರು ಸೂಚಿಸಿದ ದಿನ ಬಲವರ್ಧಕ, ಅನಂತರ ವರ್ಷಕ್ಕೊಮ್ಮೆ ಲಸಿಕೆ ಹಾಕಿಸತಕ್ಕದ್ದು. ಮನೆಯೊಳಗೇ ಇರುವ ನಾಯಿಗೂ ಇದು ಅನ್ವಯಿಸುತ್ತದೆ. ನಾಯಿ ಕಚ್ಚಿದಲ್ಲಿ ಅಥವಾ ಪರಚಿದಲ್ಲಿ ಗಾಯವನ್ನು ಸಾಬೂನು ಹಾಗೂ ಹರಿಯುವ ನೀರಿನಿಂದ 15 ನಿಮಿಷ ತೊಳೆದು, ಅರಿಶಿನ, ಸುಣ್ಣ, ಮೆಣಸಿನಪುಡಿ ಯಾವುದನ್ನೂ ಹಚ್ಚದೆ, ಅದೇ ದಿನ ಆಸ್ಪತ್ರೆಗೆ ಹೋಗತಕ್ಕದ್ದು. ಕಚ್ಚಿದ್ದು ಲಸಿಕೆ ಹಾಕಿಸಿದ ಸ್ವಂತ ನಾಯಿಯೇ ಆದರೂ ವೈದ್ಯರ ಸಲಹೆ ಪಡೆದು, ನಾಯಿಯನ್ನು ಕೊಲ್ಲದೆ 10 ದಿನ ಕಟ್ಟಿ ಗಮನಿಸಬೇಕು. ಪಾಶ್ಚರ್ ಅವರ ಪುಣ್ಯದಿನವಾದ ಸೆಪ್ಟೆಂಬರ್ 28ನ್ನು ವಿಶ್ವ ರೇಬೀಸ್ ದಿನವಾಗಿ ಆಚರಿಸಲಾಗುತ್ತಿದ್ದು, ಆ ಸಂದರ್ಭದಲ್ಲಿ ಹಲವೆಡೆ ಪಶು ಆಸ್ಪತ್ರೆಗಳಲ್ಲಿ ಉಚಿತ ಲಸಿಕಾ ಶಿಬಿರಗಳು ನಡೆಯುತ್ತವೆ. ಶಿಬಿರಕ್ಕೆ ಬರುವವರು ನಾಯಿಯನ್ನು ಹಗ್ಗ ಅಥವಾ ಸರಪಳಿ ಹಾಕಿ ಹಿಡಿದು, ಹಿಂದಿನ ಲಸಿಕೆಯ ಕಾರ್ಡ್ ಇದ್ದಲ್ಲಿ ಜೊತೆಗೆ ತರುವುದು.