ವಕೀಲಿಕೆ ಬಿಟ್ಟು ಫಿರಂಗಿ ಕಟ್ಟಿದ ವಿಲಿಯಂ ಆರ್ಮ್‌ಸ್ಟ್ರಾಂಗ್: ಆನೆಯ ಬೆನ್ನೇರಿದ ತೋಪಿನ ಕಥೆ

ಪುಣೆಯ ಖಡ್ಕಿಯಲ್ಲಿ 1817ರ ನವೆಂಬರ್ 5ರಂದು ಪೇಶ್ವೆ ಎರಡನೇ ಬಾಜೀರಾವ್ ಸೇನೆ ಮತ್ತು ಈಸ್ಟ್ ಇಂಡಿಯಾ ಕಂಪನಿ ಪಡೆ ಮುಖಾಮುಖಿಯಾದಾಗ ಎರಡೂ ಕಡೆಯ ಫಿರಂಗಿಗಳು ಹೆಚ್ಚುಕಡಿಮೆ ಒಂದೇ ಜಾತಿಯವು. ನಳಿಗೆಯ ಒಳಭಾಗ ನುಣುಪು, ಮದ್ದು ತುಂಬುವುದು ಬಾಯಿಯಿಂದ, ಹಾರುವುದು ದುಂಡನೆಯ ಗುಂಡು. ಐವತ್ತು ವರ್ಷ ಕಳೆಯುವಷ್ಟರಲ್ಲಿ ಈ ಸಮಬಲ ಅಳಿಸಿಹೋಯಿತು. ಅದಕ್ಕೆ ಕಾರಣರಾದವರಲ್ಲಿ ಮೊದಲ ಸಾಲಿನ ಹೆಸರು ವಿಲಿಯಂ ಜಾರ್ಜ್ ಆರ್ಮ್‌ಸ್ಟ್ರಾಂಗ್. ವಿಶೇಷವೆಂದರೆ ಅವರು ಸೈನಿಕರಲ್ಲ, ವೃತ್ತಿಯಿಂದ ವಕೀಲರು!

ಕೋರ್ಟಿನಿಂದ ಕಾರ್ಖಾನೆಗೆ

ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ 1810ರ ನವೆಂಬರ್ 26ರಂದು ಜನಿಸಿದ ಆರ್ಮ್‌ಸ್ಟ್ರಾಂಗ್ ತಂದೆಯ ಇಚ್ಛೆಯಂತೆ ಕಾನೂನು ಓದಿದರು. ಮನಸ್ಸು ಮಾತ್ರ ಯಂತ್ರಗಳ ಕಡೆಗೇ ಇತ್ತು. ನೀರಿನ ಒತ್ತಡದಿಂದ ನಡೆಯುವ ಕ್ರೇನ್ ರೂಪಿಸಿದ ಅವರು 1847ರಲ್ಲಿ ವಕೀಲಿಕೆಗೆ ವಿದಾಯ ಹೇಳಿ ಎಲ್ಸ್‌ವಿಕ್‌ನಲ್ಲಿ ಕಾರ್ಖಾನೆ ತೆರೆದರು.

ಅವರನ್ನು ಫಿರಂಗಿಯತ್ತ ತಿರುಗಿಸಿದ್ದು ಕ್ರಿಮಿಯಾ ಯುದ್ಧ. 1854ರ ನವೆಂಬರ್ 5ರಂದು, ಅಂದರೆ ಖಡ್ಕಿ ಕದನ ನಡೆದು ಸರಿಯಾಗಿ 37 ವರ್ಷಕ್ಕೆ, ಇಂಕರ್‌ಮನ್‌ನಲ್ಲಿ ಎರಡು ಭಾರಿ ಫಿರಂಗಿಗಳನ್ನು ರಣರಂಗಕ್ಕೆ ಎಳೆದು ತರಲು ಬ್ರಿಟಿಷ್ ಸೈನಿಕರು ಹೈರಾಣಾದರು. ಹಗುರವಾದ, ಆದರೆ ದೂರಕ್ಕೆ ನಿಖರವಾಗಿ ಹೊಡೆಯುವ ಫಿರಂಗಿ ಮಾಡಲು ಸಾಧ್ಯವಿಲ್ಲವೇ ಎಂಬ ಪ್ರಶ್ನೆ ಆರ್ಮ್‌ಸ್ಟ್ರಾಂಗ್ ಅವರನ್ನು ಕಾಡಿತು. ಮರುವರ್ಷವೇ ಮೊದಲ ಫಿರಂಗಿ ಸಿದ್ಧವಾಯಿತು.

ಗಾಡಿ ಚಕ್ರದ ಪಟ್ಟಿಯ ಸೂತ್ರ

ನಳಿಗೆಯೊಳಗೆ ಸುರುಳಿಯಾಕಾರದ ತೋಡು ಕೊರೆದರೆ ಉದ್ದನೆಯ ಗುಂಡು ಗಿರಗಿರನೆ ತಿರುಗುತ್ತಾ ನೇರ ಸಾಗುತ್ತದೆ. ಆದರೆ ಬಿಗಿಯಾಗಿ ಕೂರುವ ಭಾರದ ಗುಂಡನ್ನು ತಳ್ಳುವಾಗ ನಳಿಗೆಯ ಮೇಲೆ ಬೀಳುವ ಒತ್ತಡವೂ ಹೆಚ್ಚು. ಕಂಚು ಮೆದು, ತೋಡುಗಳು ಬೇಗ ಸವೆಯುತ್ತವೆ. ಎರಕದ ಕಬ್ಬಿಣ ಸೂಚನೆ ಕೊಡದೆ ಸಿಡಿಯುತ್ತದೆ. ದೊಡ್ಡ ಉಕ್ಕಿನ ಗಟ್ಟಿಯ ಗುಣಮಟ್ಟವನ್ನು ಆಗ ಪೂರ್ತಿ ನಂಬುವಂತಿರಲಿಲ್ಲ.

ಆರ್ಮ್‌ಸ್ಟ್ರಾಂಗ್ ಇದಕ್ಕೆ ಹುಡುಕಿದ ಪರಿಹಾರ ಸರಳ. ಬಡಿದು ಹದ ಮಾಡಿದ ಕಬ್ಬಿಣದ ಸರಳನ್ನು ಕೆಂಪಗೆ ಕಾಯಿಸಿ, ಸ್ಪ್ರಿಂಗ್‌ನಂತೆ ಸುತ್ತಿ, ಬಡಿದು ಬೆಸೆದು ಕೊಳವೆ ಮಾಡಿದರು. ಇದರಿಂದ ಕಬ್ಬಿಣದ ಎಳೆಗಳು ನಳಿಗೆಯ ಸುತ್ತ ಬಂದು ಅದು ಸೀಳದಂತೆ ಹಿಡಿಯುತ್ತಿದ್ದವು. ಅದರ ಮೇಲೆ ಇನ್ನೊಂದು ಕೊಳವೆಯನ್ನು ಕಾಯಿಸಿ ತೊಡಿಸಿದರು. ನಮ್ಮ ಹಳ್ಳಿಗಳಲ್ಲಿ ಕಮ್ಮಾರರು ಎತ್ತಿನ ಗಾಡಿಯ ಚಕ್ರಕ್ಕೆ ಕಾದ ಕಬ್ಬಿಣದ ಪಟ್ಟಿ ತೊಡಿಸುವ ಹಾಗೆಯೇ. ಹೊರಗಿನದು ತಣಿದು ಕುಗ್ಗಿದಾಗ ಒಳಗಿನದನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಮದ್ದು ಸಿಡಿದಾಗ ಆ ಬಿಗಿತವೇ ರಕ್ಷಣೆ. ಸೀಸದ ಹೊದಿಕೆಯ ಗುಂಡನ್ನು ಹಿಂಬದಿಯಿಂದ ತುಂಬುವ ಈ 12 ಪೌಂಡ್ ಫಿರಂಗಿಯ ನಳಿಗೆ ಸುಮಾರು 400 ಕೆ.ಜಿ. ತೂಗುತ್ತಿತ್ತು.

ಏರಿಕೆ, ಇಳಿಕೆ

ಪೇಟೆಂಟ್‌ಗಳನ್ನು ಆರ್ಮ್‌ಸ್ಟ್ರಾಂಗ್ ಸರ್ಕಾರಕ್ಕೇ ಬಿಟ್ಟುಕೊಟ್ಟರು. 1859ರಲ್ಲಿ ಸರ್ ಪದವಿ, ಜೊತೆಗೆ ಸರ್ಕಾರಿ ಹುದ್ದೆಯೂ ಬಂತು. ಆದರೆ ಹಿಂಬದಿಯ ಮುಚ್ಚಳ ಕಿತ್ತು ಹಾರಿದ ಪ್ರಕರಣಗಳು, 1863ರಲ್ಲಿ ಜಪಾನಿನ ಕಾಗೋಶಿಮಾ ದಾಳಿಯಲ್ಲಿ ಹಡಗಿನ ಫಿರಂಗಿಗಳು ಕೈಕೊಟ್ಟಿದ್ದು ಟೀಕೆಗೆ ದಾರಿಯಾದವು. ದುಬಾರಿ ಬೆಲೆ, ಪ್ರತಿಸ್ಪರ್ಧಿಗಳ ವಿರೋಧವೂ ಸೇರಿಕೊಂಡವು. ಆರ್ಮ್‌ಸ್ಟ್ರಾಂಗ್ 1863ರಲ್ಲೇ ಹುದ್ದೆ ತೊರೆದಿದ್ದರು. ಬ್ರಿಟನ್ ಮತ್ತೆ ಬಾಯಿಯಿಂದ ತುಂಬುವ ಫಿರಂಗಿಗೇ ಮರಳಿತು. ಆದರೆ ಪದರದ ಮೇಲೆ ಪದರ ತೊಡಿಸುವ ಅವರ ವಿಧಾನವನ್ನು ಮಾತ್ರ ಕೈಬಿಡಲಿಲ್ಲ.

ಬಾಂಬೆ ಸೇನೆ ಮತ್ತು 44 ಆನೆಗಳು

ಆರ್ಮ್‌ಸ್ಟ್ರಾಂಗ್ ಫಿರಂಗಿಯ ಬಲ 1868ರಲ್ಲಿ ಇಥಿಯೋಪಿಯಾದಲ್ಲಿ ಕಂಡಿತು. ಬಾಂಬೆ ಸೇನೆಯ ಮುಖ್ಯಸ್ಥ ರಾಬರ್ಟ್ ನೇಪಿಯರ್ ನೇತೃತ್ವದ ದಂಡಿನ ಜೊತೆ ಭಾರತದಿಂದ 44 ಆನೆಗಳು ಹಡಗೇರಿದವು. ಗಾಡಿ ಹೋಗದ ಬೆಟ್ಟದ ಹಾದಿಯಲ್ಲಿ ಅವು ಈ ಫಿರಂಗಿಗಳನ್ನು ಬೆನ್ನ ಮೇಲೆ ಹೊತ್ತವು. ಏಪ್ರಿಲ್ 13ರಂದು ಮಗ್ದಲಾ ಕೋಟೆ ಬಿತ್ತು. ಮರುವರ್ಷ, 1869ರಲ್ಲಿ ಖಡ್ಕಿಯಲ್ಲಿ ಮದ್ದುಗುಂಡು ಕಾರ್ಖಾನೆ ಆರಂಭವಾಯಿತು. ಅದು ಇಂದಿಗೂ ಇದೆ.

ಹೊಸ ಫಿರಂಗಿಗಳು ಭಾರತಕ್ಕೆ ಬಂದರೂ ಭಾರತೀಯರ ಕೈಗೆ ಸಿಗಲಿಲ್ಲ. 1857ರ ದಂಗೆಯ ನಂತರ ಬೆಟ್ಟದ ತೋಪಿನ ಕೆಲವು ದಳಗಳನ್ನು ಬಿಟ್ಟರೆ ಫಿರಂಗಿಗಳನ್ನು ಬ್ರಿಟಿಷರು ತಮ್ಮ ಬಳಿಯೇ ಇಟ್ಟುಕೊಂಡರು. ಆನೆ ನಮ್ಮದು, ಹಾದಿ ಸವೆಸಿದ ಮಾವುತರು ನಮ್ಮವರು. ಗುಂಡು ಹಾರಿಸುವ ಅಧಿಕಾರ ಮಾತ್ರ ಅವರದು.

ಕೊನೆಯ ದಿನಗಳು

ಸರ್ಕಾರಿ ಹುದ್ದೆ ಬಿಟ್ಟ ಆರ್ಮ್‌ಸ್ಟ್ರಾಂಗ್ ಹಲವು ದೇಶಗಳಿಗೆ ಫಿರಂಗಿ ಮಾರಿ ಅಪಾರ ಸಂಪತ್ತು ಗಳಿಸಿದರು. 1880ರ ದಶಕದಲ್ಲಿ ಬ್ರಿಟನ್ ಹಿಂಬದಿಯಿಂದ ತುಂಬುವ ಫಿರಂಗಿಗೆ ಮತ್ತೆ ಬಂತು, ಈ ಬಾರಿ ಉಕ್ಕಿನಲ್ಲಿ. ಕ್ರ್ಯಾಗ್‌ಸೈಡ್‌ನ ತಮ್ಮ ಮನೆಗೆ ಜಲವಿದ್ಯುತ್ ದೀಪ ಹಾಕಿಸಿದ್ದ ಅವರು, 1900ರ ಡಿಸೆಂಬರ್ 27ರಂದು ಅಲ್ಲೇ ನಿಧನರಾದರು. ದಂಪತಿಗೆ ಮಕ್ಕಳಿರಲಿಲ್ಲ.

ಭಾರತೀಯ ಸೈನಿಕರ ಮೊದಲ ಫೀಲ್ಡ್ ಫಿರಂಗಿ ದಳ ರೂಪುಗೊಳ್ಳಲು ಮತ್ತೂ 34 ವರ್ಷ ಬೇಕಾಯಿತು. 1935ರ ಜನವರಿ 15ರಂದು 'ಎ ಫೀಲ್ಡ್ ಬ್ರಿಗೇಡ್' ಹೆಸರಿನ ಆ ದಳ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ.