ಆಲ್ಬ್ರೆಕ್ಟ್ ಫಾನ್ ಗ್ರೇಫೆ

ಆಲ್ಬ್ರೆಕ್ಟ್ ಫಾನ್ ಗ್ರೇಫೆ (ಮೇ ೨೨, ೧೮೨೮ – ಜುಲೈ ೨೦, ೧೮೭೦) ಜರ್ಮನಿಯ ಪ್ರಸಿದ್ಧ ನೇತ್ರವೈದ್ಯರು. ಆಧುನಿಕ ನೇತ್ರವೈದ್ಯಶಾಸ್ತ್ರದ ಸ್ಥಾಪಕರಲ್ಲಿ ಒಬ್ಬರೆಂದು ಇವರನ್ನು ಪರಿಗಣಿಸಲಾಗುತ್ತದೆ. ಕಣ್ಣಿನ ವೈದ್ಯವನ್ನು ಕಲಿಯಬಂದ ಯುವವೈದ್ಯರಿಗೆ ಚಿಕಿತ್ಸೆಯೊಂದಿಗೆ ಸಂಶೋಧನೆಯ ದಾರಿಯನ್ನೂ ತೆರೆದುಕೊಟ್ಟದ್ದು ಇವರ ವಿಶೇಷ.

ಶಿಕ್ಷಣ

ಗ್ರೇಫೆ ಬರ್ಲಿನ್ನಿನಲ್ಲಿ ಜನಿಸಿದರು. ತಂದೆ ಕಾರ್ಲ್ ಫರ್ಡಿನಾಂಡ್ ಹೆಸರಾಂತ ಶಸ್ತ್ರವೈದ್ಯರು. ಮಗನಿಗೆ ಹನ್ನೆರಡು ವರ್ಷವಾಗಿದ್ದಾಗ ತೀರಿಕೊಂಡರು. ೧೮೪೭ರಲ್ಲಿ ವೈದ್ಯಪದವಿ ಪಡೆದ ಗ್ರೇಫೆ ಉನ್ನತ ವ್ಯಾಸಂಗಕ್ಕಾಗಿ ಪ್ರಾಗ್, ಪ್ಯಾರಿಸ್, ವಿಯೆನ್ನಾ, ಲಂಡನ್ ನಗರಗಳಿಗೆ ಹೋದರು. ಆಗ ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ಕಣ್ಣಿನ ವೈದ್ಯವು ಸಾಮಾನ್ಯವಾಗಿ ಶಸ್ತ್ರವೈದ್ಯದ ಒಂದು ಭಾಗವಾಗಿತ್ತು. ಅದನ್ನೇ ಆಳವಾಗಿ ಕಲಿಯಬಯಸುವವರು ಹೀಗೆ ಊರೂರು ಅಲೆಯಬೇಕಿತ್ತು. ಪ್ರಾಗ್‌ನಲ್ಲಿ ಫರ್ಡಿನಾಂಡ್ ಆರ್ಲ್ಟ್ ಅವರ ಪ್ರಭಾವದಿಂದ ಗ್ರೇಫೆ ನೇತ್ರವೈದ್ಯವನ್ನೇ ಆರಿಸಿಕೊಂಡರು.

ಚಿಕಿತ್ಸಾಲಯ ಮತ್ತು ಪತ್ರಿಕೆ

೧೮೫೧ರಲ್ಲಿ ಹೆಲ್ಮ್‌ಹೋಲ್ಟ್ಸ್ ನೇತ್ರದರ್ಶಕವನ್ನು ಪ್ರಕಟಪಡಿಸಿದರು. ಅದುವರೆಗೆ ಊಹೆಗೆ ಬಿಟ್ಟಿದ್ದ ಕಣ್ಣಿನ ಒಳಭಾಗವನ್ನು ಬದುಕಿರುವ ರೋಗಿಯಲ್ಲಿಯೇ ನೋಡುವುದು ಸಾಧ್ಯವಾಯಿತು. ಆ ಉಪಕರಣದ ಬೆಲೆಯನ್ನು ಬಹುಬೇಗ ಅರಿತವರು ಗ್ರೇಫೆ. ಅದೇ ಸುಮಾರಿಗೆ ಅವರು ಬರ್ಲಿನ್ನಿನಲ್ಲಿ ತೆರೆದ ಖಾಸಗಿ ಚಿಕಿತ್ಸಾಲಯದಲ್ಲಿ ಬಡವರಿಗೆ ಉಚಿತ ಚಿಕಿತ್ಸೆ ದೊರೆಯುತ್ತಿತ್ತು. ರೋಗಿಗಳು ಬಹುಸಂಖ್ಯೆಯಲ್ಲಿ ಬಂದುದರಿಂದ ಅಪರೂಪದ ರೋಗಗಳನ್ನೂ ಹೋಲಿಸಿ ನೋಡುವ ಅವಕಾಶ ಅಲ್ಲಿದ್ದ ಕಿರಿಯ ವೈದ್ಯರಿಗೆ ಒದಗಿತು.

ಕಂಡದ್ದನ್ನು ಪ್ರಕಟಿಸಲು ಗ್ರೇಫೆ ೧೮೫೪ರಲ್ಲಿ ನೇತ್ರವೈದ್ಯಕ್ಕೇ ಮೀಸಲಾದ ಪತ್ರಿಕೆಯೊಂದನ್ನು ಆರಂಭಿಸಿದರು. ಮೊದಲ ಸಂಪುಟದ ಹೆಚ್ಚಿನ ಬರಹಗಳು ಅವರವೇ. ಮರುವರ್ಷ ಆರ್ಲ್ಟ್ ಮತ್ತು ಡಚ್ ವಿಜ್ಞಾನಿ ಡಾಂಡರ್ಸ್ ಸಂಪಾದಕತ್ವದಲ್ಲಿ ಜೊತೆಗೂಡಿದರು. ಈ ಪತ್ರಿಕೆ ಇಂದಿಗೂ ಗ್ರೇಫೆಯವರ ಹೆಸರಿನಲ್ಲಿ ಪ್ರಕಟವಾಗುತ್ತಿದೆ.

ಗ್ಲಾಕೋಮಾ ಚಿಕಿತ್ಸೆ

ಗ್ಲಾಕೋಮಾ ಬಂದವರಿಗೆ ಆ ಕಾಲದಲ್ಲಿ ಕುರುಡುತನ ತಪ್ಪುತ್ತಿರಲಿಲ್ಲ. ಕಣ್ಣಿನ ಒಳಒತ್ತಡ ಹೆಚ್ಚುವುದೇ ಈ ರೋಗದ ಮೂಲವೆಂದು ಭಾವಿಸಿದ ಗ್ರೇಫೆ, ಪಾಪೆಯ ಸುತ್ತಲಿನ ಬಣ್ಣದ ಪೊರೆಯ ಒಂದು ತುಣುಕನ್ನು ಕತ್ತರಿಸಿ ತೆಗೆಯುವ ಶಸ್ತ್ರಕ್ರಿಯೆಯನ್ನು ೧೮೫೭ರಲ್ಲಿ ವರದಿ ಮಾಡಿದರು. ಹಠಾತ್ತನೆ ಕಾಣಿಸಿಕೊಳ್ಳುವ ಗ್ಲಾಕೋಮಾದಲ್ಲಿ ಅನೇಕರ ದೃಷ್ಟಿ ಇದರಿಂದ ಉಳಿಯಿತು. ನಿಧಾನವಾಗಿ ಬೆಳೆಯುವ ಬಗೆಯಲ್ಲಿ ಮಾತ್ರ ಅಷ್ಟು ಫಲ ದೊರೆಯಲಿಲ್ಲ.

ಶಿಷ್ಯರು ಮತ್ತು ಕೊನೆಯ ದಿನಗಳು

ಆನುವಂಶಿಕ ದೃಷ್ಟಿನರ ರೋಗವೊಂದನ್ನು ವಿವರಿಸಿದ ಥಿಯೋಡೋರ್ ಲೇಬರ್, ನ್ಯೂಯಾರ್ಕಿನಲ್ಲಿ ನೇತ್ರಾಲಯ ಸ್ಥಾಪಿಸಿದ ಹರ್ಮನ್ ನಾಪ್, ನೇತ್ರವೈದ್ಯದ ಬೃಹತ್ ಚರಿತ್ರೆಯನ್ನು ಬರೆದ ಯೂಲಿಯಸ್ ಹಿರ್ಷ್‌ಬರ್ಗ್ ಇವರ ಬಳಿ ಕಲಿತವರು. ೧೮೫೭ರಿಂದ ಹೈಡೆಲ್‌ಬರ್ಗ್‌ನಲ್ಲಿ ಸೇರುತ್ತಿದ್ದ ನೇತ್ರವೈದ್ಯರ ಕೂಟವೇ ಮುಂದೆ ಜರ್ಮನ್ ನೇತ್ರವೈದ್ಯ ಸಂಘವಾಯಿತು.

ಇಷ್ಟಾದರೂ ಗ್ರೇಫೆಯವರಿಗೆ ಪೂರ್ಣ ಪ್ರಾಧ್ಯಾಪಕ ಪದವಿ ದೊರೆತದ್ದು ೧೮೬೬ರಲ್ಲಿ. ಶಾರಿಟೆ ಆಸ್ಪತ್ರೆಯ ನೇತ್ರವಿಭಾಗ ಕೈಗೆ ಬಂದದ್ದು ೧೮೬೮ರಲ್ಲಿ. ಆ ವೇಳೆಗೆ ಕ್ಷಯರೋಗ ಅವರನ್ನು ಬಾಧಿಸುತ್ತಿತ್ತು. ಅದರಿಂದಲೇ ನಲವತ್ತೆರಡನೆಯ ವಯಸ್ಸಿನಲ್ಲಿ ಬರ್ಲಿನ್ನಿನಲ್ಲಿ ನಿಧನರಾದರು. ೧೮೮೨ರಲ್ಲಿ ಶಾರಿಟೆಯ ಬಳಿ ಅವರ ಪ್ರತಿಮೆಯನ್ನು ಸ್ಥಾಪಿಸಲಾಯಿತು.